ಪಿಳ್ಳಣ್ಣ ಬಿದ್ದದ್ದಲ್ಲ

ಸರ್ವಮಂಗಳಾ ‘ಸಂಜೆ ದಿಕ್ಸೂಚಿ’ ಪತ್ರಿಕೆಯಲ್ಲಿ ಹದಿನಾಲ್ಕು ವರ್ಷ ಪಾಲಿಕೆಯ ಸುದ್ದಿ ಬರೆದಳು. ಆ ಹದಿನಾಲ್ಕು ವರ್ಷದಲ್ಲಿ ಅವಳು ಹತ್ತದ ಕಚೇರಿ ಮೆಟ್ಟಿಲಿಲ್ಲ, ಬಗ್ಗಿ ನೋಡದ ಮೋರಿಯಿಲ್ಲ. ಕಸದ ಲಾರಿ ಎಲ್ಲಿ ಸುರಿದು ಬರುತ್ತದೆಂದು ತಿಳಿಯಲು ಅದರ ಹಿಂದೆಯೇ ಲೂನಾ ಓಡಿಸಿಕೊಂಡು ಅಂಜನಾಪುರದವರೆಗೆ ಹೋಗಿ, ಸೀರೆಯ ಅಂಚೆಲ್ಲ ಕೊಳೆ ಮಾಡಿಕೊಂಡು ಬಂದವಳು. ಎಂಜಿನಿಯರುಗಳು ಅವಳನ್ನು ದೂರದಲ್ಲಿ ಕಂಡರೆ ಸಾಕು, ಫೈಲು ಕಂಕುಳಿಗೆ ಸಿಕ್ಕಿಸಿಕೊಂಡು ‘ಮೀಟಿಂಗ್ ಇದೆ ಮೇಡಂ’ ಎಂದು ಹಿಂಬಾಗಿಲಿಂದ ಮಾಯವಾಗುತ್ತಿದ್ದರು.

ಡೆಸ್ಕಿನಲ್ಲಿ ಅವಳ ವರದಿಗಳನ್ನು ತಿದ್ದುತ್ತಿದ್ದವನು ಸಂಗಮೇಶ. ಬಾಗಲಕೋಟೆ ಕಡೆಯವನು, ಬಿ.ಟಿ.ಎಂ. ಲೇಔಟಿನಲ್ಲಿ ಬಾಡಿಗೆ ಮನೆ ಹಿಡಿದಿದ್ದ. “ನಿಮ್ಮ ಕಾಪಿ ಬಂತಂದ್ರ ನಾ ಮೊದಲ ಮೂಗಿಗೆ ಕರ್ಚೀಫ್ ಕಟ್ಕೋತೀನ್ರಿ ಮೇಡಂ,” ಎಂದು ನಗುತ್ತಿದ್ದ. ಅದು ಹೊಗಳಿಕೆ ಎಂದು ಇಬ್ಬರಿಗೂ ಗೊತ್ತಿತ್ತು.

ಈ ಕೆಲಸದಲ್ಲಿ ಅವಳಿಗೆ ಎಲ್ಲಕ್ಕಿಂತ ಹೇಸಿಗೆ ಹುಟ್ಟಿಸುತ್ತಿದ್ದದ್ದು ಕಸವೂ ಅಲ್ಲ, ಮೋರಿಯೂ ಅಲ್ಲ. ವರದಿ ಅಚ್ಚಾದ ಮೂರನೆಯ ದಿನಕ್ಕೆ ಪಾಲಿಕೆಯಿಂದ ಬರುತ್ತಿದ್ದ ಸ್ಪಷ್ಟೀಕರಣ. ‘ತಮ್ಮ ಪತ್ರಿಕೆಯಲ್ಲಿ ಪ್ರಕಟವಾದ ವರದಿಯು ಸತ್ಯಕ್ಕೆ ದೂರವಾದುದು’ ಎಂದು ಶುರುವಾಗುವ ಆ ಕಾಗದವನ್ನು ಎರಡು ಬೆರಳಲ್ಲಿ ತುದಿ ಹಿಡಿದು ಸಂಪಾದಕ ಏಕಾಂತಯ್ಯನವರ ಮೇಜಿನ ಮೇಲೆ ಹಾಕುತ್ತಿದ್ದಳು. ಯಾವ ಸಾಲಿನಲ್ಲಿ ಸುಳ್ಳಿದೆ, ಯಾವ ಪದದ ಹಿಂದೆ ಅದು ಬಚ್ಚಿಟ್ಟುಕೊಂಡಿದೆ ಎಂದು ಅವಳಿಗೆ ಒಂದೇ ಓದಿಗೆ ತಿಳಿಯುತ್ತಿತ್ತು.

ತೊಂಬತ್ತಾರರಲ್ಲಿ ಪಾಲಿಕೆಗೆ ಚುನಾವಣೆ ಬಂತು. ಅವಳಿದ್ದ ಬನಶಂಕರಿ ಎರಡನೇ ಹಂತದ ವಾರ್ಡು ಮಹಿಳೆಗೆ ಮೀಸಲಾಯಿತು. ಆ ಭಾಗದ ಪಕ್ಷದ ಮುಖಂಡ ಸೇತುರಾಮ; ಜೆ.ಪಿ. ನಗರದಲ್ಲಿ ಅವನದೊಂದು ಕಲ್ಯಾಣ ಮಂಟಪವಿತ್ತು. ತಾನೇ ನಿಲ್ಲಬೇಕೆಂದು ಐದು ವರ್ಷದಿಂದ ಕಾದಿದ್ದವನಿಗೆ ಮೀಸಲಾತಿ ಅಡ್ಡ ಬಂತು. ಹೆಂಡತಿಯನ್ನು ನಿಲ್ಲಿಸೋಣವೆಂದರೆ ಅವಳು ಹಟ ಹಿಡಿದು ಒಲ್ಲೆನೆಂದಳು. ಆಗ ಅವನು ಸರ್ವಮಂಗಳಾ ಮನೆಯ ಬಾಗಿಲು ತಟ್ಟಿದ.

“ಮೇಡಂ, ನಮ್ಮನ್ನ ಪೇಪರಲ್ಲಿ ಎಷ್ಟು ಉಗ್ದಿದೀರಾ ನೀವು! ನಾವೇನಾದ್ರೂ ಬೇಜಾರ್ ಮಾಡ್ಕೊಂಡ್ವಾ?” ಎಂದ, ಅವಳ ತಾಯಿ ಕಮಲಾದೇವಿ ಕೊಟ್ಟ ಕಾಫಿ ಕುಡಿಯುತ್ತಾ. “ಹೊರಗಡೆ ನಿಂತ್ಕೊಂಡು ಎಷ್ಟು ವರ್ಷ ಅಂತ ಬರೀತೀರಾ? ಒಳಗೆ ಬನ್ನಿ. ಗೆಲ್ಸೋದು ನಮ್ ಜವಾಬ್ದಾರಿ. ಆಮೇಲೆ ನೀವು ಏನ್ ಮಾಡಿದ್ರೂ ನಾವು ಅಡ್ಡ ಬರಲ್ಲ.”

ಸರ್ವಮಂಗಳೆಗೆ ಆಗ ಮೂವತ್ತೆಂಟು. ಮದುವೆಯಾಗಿರಲಿಲ್ಲ. ತಂದೆ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಬರೆದೂ ಬರೆದೂ ಏನೂ ಬದಲಾಗದ ಬೇಸರ ಅವಳಲ್ಲಿ ಗಟ್ಟಿಯಾಗಿ ಕೂತಿತ್ತು. ಮೂರು ದಿನ ಯೋಚಿಸಿ ಒಪ್ಪಿಕೊಂಡಳು. ಏಕಾಂತಯ್ಯನವರ ಕೋಣೆಗೆ ಹೋಗಿ, ಎರಡು ತಿಂಗಳು ರಜೆ ಬೇಕೆಂದು ಅರ್ಜಿ ಕೊಟ್ಟಳು. ಅವರು ಕನ್ನಡಕದ ಮೇಲಿಂದ ನೋಡಿ, ಅರ್ಜಿಯನ್ನು ಹಿಂದಕ್ಕೆ ತಳ್ಳಿದರು.

“ರಜಾ ಅರ್ಜಿ ಬೇಡ. ರಾಜೀನಾಮೆ ಬರಿ.”

ಬರೆದುಕೊಟ್ಟಳು. ಎರಡು ಸಾವಿರ ಚಿಲ್ಲರೆ ಮತಗಳಿಂದ ಗೆದ್ದಳು.

ಮೊದಲನೆಯ ಸಭೆಯ ದಿನವೇ ಅವಳಿಗೆ ಹೇಸಿಗೆಯಾಯಿತು. ಮಹಿಳಾ ಸದಸ್ಯರಲ್ಲಿ ಅರ್ಧದಷ್ಟು ಮಂದಿಯ ಗಂಡಂದಿರು ಹೆಂಡತಿಯ ಬೆನ್ನ ಹಿಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಹೆಂಡತಿ ಕೈ ಎತ್ತಬೇಕಾದಾಗ ಭುಜಕ್ಕೆ ಬೆರಳಲ್ಲಿ ತಿವಿಯುತ್ತಿದ್ದರು. ಒಬ್ಬನಂತೂ ಹಾಜರಿ ಪುಸ್ತಕದಲ್ಲಿ ಹೆಂಡತಿಯ ಸಹಿಯನ್ನು ತಾನೇ ಹಾಕಿ, ಪೆನ್ನಿನ ಮುಚ್ಚಳವನ್ನು ಹಲ್ಲಲ್ಲಿ ಕಚ್ಚಿಕೊಂಡು ಅವಳತ್ತ ನೋಡಿ ನಕ್ಕ. ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಎಂಜಲು ತಟ್ಟೆಗಳನ್ನು ಕುರ್ಚಿಗಳ ಕೆಳಗೇ ತಳ್ಳಿ ಎದ್ದುಹೋದರು. ನಗರದ ಕಸದ ಬಗ್ಗೆ ಎರಡು ಗಂಟೆ ಮಾತಾಡಿದವರು ಅವರೇ.

ಆದರೂ ಮೊದಲೆರಡು ವರ್ಷ ಅವಳು ಕೆಲಸ ಮಾಡಿದಳು. ಬೆಳಗ್ಗೆ ಆರಕ್ಕೆ ವಾರ್ಡು ಸುತ್ತುತ್ತಿದ್ದಳು. ಬೀದಿದೀಪ ಹತ್ತಿದವು, ಒಂದು ವಾಚನಾಲಯ ಶುರುವಾಯಿತು. ಜನ ‘ನಮ್ಮ ಪೇಪರ್ ಮೇಡಂ’ ಎಂದು ಕರೆಯುತ್ತಿದ್ದರು. ಕಮಲಾದೇವಿಯವರಂತೂ ಮನೆ ಮುಂದಿನ ನಾಮಫಲಕವನ್ನು ದಿನಾ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು.

ಅವಳ ಬರವಣಿಗೆ ಎಷ್ಟು ಉಪಯೋಗಕ್ಕೆ ಬರುತ್ತದೆಂದು ಮೊದಲು ಕಂಡುಕೊಂಡವನು ಸೇತುರಾಮ. ಯಾರದೋ ಭಾಷಣ ಬರೆದುಕೊಡಿ ಎಂದ, ಬರೆದುಕೊಟ್ಟಳು. ಸ್ಥಾಯಿ ಸಮಿತಿಯ ಅಧ್ಯಕ್ಷರ ಮೇಲೆ ಒಂದು ಪತ್ರಿಕೆ ತಪ್ಪು ವರದಿ ಮಾಡಿದೆ, ಒಂದು ಸ್ಪಷ್ಟೀಕರಣ ಆಗಬೇಕು ಎಂದ. ಆ ವರದಿ ನಿಜಕ್ಕೂ ತಪ್ಪೇ ಆಗಿತ್ತು. ಹಾಗಾಗಿ ಬರೆದಳು. ಮುಂದಿನ ಸಲ ವರದಿ ಅರ್ಧ ತಪ್ಪಾಗಿತ್ತು, ಅದಕ್ಕೂ ಬರೆದಳು. ಮೂರನೆಯ ಸಲ ಅವಳು ವರದಿ ಸರಿಯೋ ತಪ್ಪೋ ಎಂದು ಕೇಳಲಿಲ್ಲ. ‘ಮೇಲ್ನೋಟಕ್ಕೆ’ ಎಂಬ ಪದವನ್ನು ಎಲ್ಲಿಟ್ಟರೆ ಒಂದು ಸುದ್ದಿ ಉಸಿರು ಕಟ್ಟಿ ಸಾಯುತ್ತದೆಂದು ಹದಿನಾಲ್ಕು ವರ್ಷ ಸುದ್ದಿ ಬರೆದವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತದೆ? ಬರೆದು ಮುಗಿಸಿದಾಗ ಅವಳಿಗೆ ಒಳಗೊಳಗೇ ಒಂದು ಹೆಮ್ಮೆಯೂ ಆಗುತ್ತಿತ್ತು. ಆ ಹೆಮ್ಮೆಯನ್ನು ಆಮೇಲೆ ನೆನೆದಾಗಲೆಲ್ಲ ಅವಳಿಗೆ ನಾಲಿಗೆಯ ಮೇಲೆ ಹಳಸಿದ್ದೇನೋ ಇಟ್ಟಂತಾಗುತ್ತಿತ್ತು.

ತೊಂಬತ್ತೊಂಬತ್ತರ ಮೇ ತಿಂಗಳು. ವಾರ್ಡಿನಲ್ಲಿ ಒಂದು ಚಿಕ್ಕ ಪಾರ್ಕು ತಯಾರಾಗಿತ್ತು. ಮರುದಿನ ಹತ್ತು ಗಂಟೆಗೆ ಮಂತ್ರಿಯೊಬ್ಬರು ಬಂದು ಉದ್ಘಾಟಿಸುವುದಿತ್ತು. ಎರಡು ದಿನದಿಂದ ಸಂಜೆ ಮಳೆ ಹೊಡೆದು ಪಾರ್ಕಿನ ಗೇಟಿನೆದುರಿನ ಮ್ಯಾನ್‌ಹೋಲ್ ಕಟ್ಟಿಕೊಂಡಿತು. ಕಪ್ಪು ನೀರು ಗುಳುಗುಳು ಉಕ್ಕಿ ರಸ್ತೆಯುದ್ದಕ್ಕೂ ಹರಡಿತು. ಶಾಮಿಯಾನ ಹಾಕುವವರು ಮೂಗು ಮುಚ್ಚಿಕೊಂಡು ನಿಂತಿದ್ದರು.

ಆ ಭಾಗದ ಮೋರಿ ಸ್ವಚ್ಛ ಮಾಡುವ ಗುತ್ತಿಗೆ ಸೇತುರಾಮನ ಭಾವಮೈದನದು. ಸರ್ವಮಂಗಳಾ ಬೆಳಗ್ಗೆ ಹನ್ನೊಂದಕ್ಕೆ ಸೇತುರಾಮನಿಗೆ ಫೋನು ಮಾಡಿದಳು.

“ಮಷೀನ್ ಒಂದೇ ಇರೋದು ಮೇಡಂ, ಅದು ಬೇರೆ ಕಡೆ ಹೋಗಿದೆ. ನಾಳಿದ್ದು ಸಿಗುತ್ತೆ,” ಎಂದ ಅವನು.

“ನಾಳಿದ್ದು ತಗೊಂಡು ಏನ್ ಮಾಡ್ಲಿ ನಾನು? ನಾಳೆ ಮಂತ್ರಿ ಬರ್ತಾರೆ. ಅದೆಲ್ಲ ನಂಗೊತ್ತಿಲ್ಲ, ಹೇಗಾದ್ರೂ ಮಾಡಿ. ಸಾಯಂಕಾಲದೊಳಗೆ ಕ್ಲಿಯರ್ ಆಗಿರ್ಬೇಕು.”

“ಹೇಗಾದ್ರೂ ಅಂದ್ರೆ… ಸರಿ ಬಿಡಿ, ಆಗುತ್ತೆ.”

‘ಹೇಗಾದರೂ’ ಎಂದರೆ ಏನು ಎನ್ನುವುದು ಅವಳಿಗೆ ಗೊತ್ತಿತ್ತು. ಮನುಷ್ಯರನ್ನು ಗುಂಡಿಗೆ ಇಳಿಸುವುದರ ಬಗ್ಗೆ ಅವಳೇ ನಾಲ್ಕು ವರದಿ ಬರೆದಿದ್ದಳು. ಗೊತ್ತಿದ್ದೂ ಫೋನು ಇಟ್ಟಳು, ಕೈ ತೊಳೆದಳು, ಊಟಕ್ಕೆ ಕೂತಳು. ಅಂದು ಮನೆಯಲ್ಲಿ ಮಾವಿನಕಾಯಿ ಚಿತ್ರಾನ್ನ ಮಾಡಿದ್ದರು.

ನಾಲ್ಕು ಗಂಟೆಗೆ ಶಾಮಿಯಾನ ನೋಡಲು ಹೋದಾಗ ಗೇಟಿನ ಬಳಿ ಜನ ಸೇರಿದ್ದರು. ನಾಲ್ವರು ಹಗ್ಗ ಜಗ್ಗುತ್ತಿದ್ದರು. ಹಗ್ಗದ ತುದಿಯಲ್ಲಿ ಮೇಲೆ ಬಂದದ್ದು ಮನುಷ್ಯನೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಲೆಯಿಂದ ಕಾಲಿನವರೆಗೆ ಒಂದೇ ಕಪ್ಪು. ಬಾಯಿ ತೆರೆದಿತ್ತು, ಬಾಯಿಯೊಳಗೂ ಅದೇ ಕಪ್ಪು. ಕೂದಲಿನಿಂದ ಜಿರಳೆಗಳು ಇಳಿದು ಓಡಿದವು. ಗುತ್ತಿಗೆದಾರನ ಮೇಸ್ತ್ರಿ ಒಂದು ಕೊಡ ನೀರನ್ನು ಮುಖದ ಮೇಲೆ ಸುರಿದ. ಆಗ ಒಂದು ನರೆತ ಮೀಸೆ ಕಾಣಿಸಿತು, ಅರೆ ತೆರೆದ ಕಣ್ಣು ಕಾಣಿಸಿತು.

“ಪಿಳ್ಳಣ್ಣ… ಪಿಳ್ಳಣ್ಣಾ…” ಎಂದು ಯಾರೋ ಅವನ ಕೆನ್ನೆ ತಟ್ಟುತ್ತಿದ್ದರು.

ಎದುರಿನ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಿಂದ ಒಬ್ಬ ಹೆಂಗಸು ಕೂಗಿದಳು: “ಮೊದ್ಲು ಆ ಮುಚ್ಚಳ ಮುಚ್ರೀ! ಮನೆಯೊಳಗೆ ಕೂರಕ್ಕಾಗ್ತಿಲ್ಲ!”

ಕೊಡದ ನೀರು ಅವನ ಮೈಮೇಲಿನ ಹೂಳನ್ನು ಕರಗಿಸಿಕೊಂಡು ಸರ್ವಮಂಗಳೆಯ ಕಾಲಿನ ಕಡೆ ಹರಿದು ಬಂತು. ಅವಳು ಎರಡು ಹೆಜ್ಜೆ ಹಿಂದೆ ಸರಿದು, ಸೀರೆಯ ನೆರಿಗೆಯನ್ನು ಎತ್ತಿ ಹಿಡಿದಳು. ಅದೊಂದನ್ನು ಅವಳಿಗೆ ಮುಂದೆ ಎಂದಿಗೂ ಮರೆಯಲಾಗಲಿಲ್ಲ. ಮೇಸ್ತ್ರಿ ಅದನ್ನು ನೋಡಿದ್ದ. ಹಗ್ಗ ಹಿಡಿದವರೂ ನೋಡಿದ್ದರು.

ಏಳು ಗಂಟೆಗೆ ಸೇತುರಾಮ ಮಂಟಪಕ್ಕೆ ಬರಲು ಹೇಳಿ ಕಳಿಸಿದ. ಅಲ್ಲಿ ಯಾರದೋ ಆರತಕ್ಷತೆ ನಡೆಯುತ್ತಿತ್ತು. ವಾದ್ಯದವರು ಸಿನಿಮಾ ಹಾಡು ನುಡಿಸುತ್ತಿದ್ದರು. ಅವನು ತನ್ನ ಕೋಣೆಯಲ್ಲಿ ಬಾಳೆಲೆ ಹಾಕಿಸಿಕೊಂಡು ಊಟಕ್ಕೆ ಕೂತಿದ್ದ. ಹೋಳಿಗೆಯ ಮೇಲೆ ತುಪ್ಪ ಸುರಿಸಿಕೊಂಡು, ಬೆರಳಲ್ಲಿ ಹರಿದು ಬಾಯಿಗಿಡುತ್ತಾ ಮಾತಾಡಿದ.

“ಆಸ್ಪತ್ರೆಲಿ ಹೋಗ್ಬಿಟ್ಟಿದಾನೆ ಅಂದ್ರು. ಪಾಪ. ಕೂತ್ಕೊಳಿ ಮೇಡಂ, ಎಲೆ ಹಾಕ್ಸ್ಲಾ?”

“ಬೇಡ.”

“ನಾಳೆ ಪೇಪರ್‌ನೋರು ಮುತ್ಕೋತಾರೆ. ಅದಕ್ಕೆ ಮುಂಚೆ ನಮ್ದು ಒಂದು ಹೋಗ್ಬಿಡ್ಲಿ. ಕುಡಿದಿದ್ದ, ಬಿದ್ದ. ಅಷ್ಟೇ. ನೀವು ಬರೆದ್ರೆ ನೀಟಾಗಿರುತ್ತೆ.”

“ಅವನು ಬೀಳಲಿಲ್ಲ ಸೇತುರಾಮ್. ಹಗ್ಗ ಕಟ್ಟಿ ಇಳ್ಸಿದಾರೆ. ಅದೇ ಹಗ್ಗದಲ್ಲಿ ಮೇಲೆ ಎಳೆಯೋದನ್ನ ನಾನೇ ನೋಡಿದೀನಿ.”

ಸೇತುರಾಮ ಕೋಪಿಸಿಕೊಳ್ಳಲಿಲ್ಲ. ಬೆರಳು ನೆಕ್ಕಿಕೊಂಡು, ಬಹಳ ಸಮಾಧಾನದಿಂದ ಹೇಳಿದ: “ನೋಡಿ ಮೇಡಂ, ಇಳ್ಸಿದ್ರು ಅಂದ್ರೆ ಯಾರ್ ಇಳ್ಸಿದ್ದು ಅಂತ ಕೇಳ್ತಾರೆ. ನಮ್ ಹುಡುಗ ಅಂತ ಬರುತ್ತೆ. ಅವನನ್ನ ಕೇಳಿದ್ರೆ, ಭಾವ ಹೇಳಿದ್ರು ಅಂತಾನೆ. ನನ್ನ ಕೇಳಿದ್ರೆ, ಮೇಡಂ ಹನ್ನೊಂದು ಗಂಟೆಗೆ ಫೋನ್ ಮಾಡಿ ‘ಹೇಗಾದ್ರೂ ಮಾಡಿ’ ಅಂದ್ರು ಅಂತ ನಾನು ಹೇಳ್ಬೇಕಾಗುತ್ತೆ. ಸುಳ್ಳೇನಲ್ವಲ್ಲ?”

ಸುಳ್ಳಾಗಿರಲಿಲ್ಲ. ಅವನ ಮೇಜಿನ ಮೇಲೆ ಬಿಳಿ ಹಾಳೆಗಳಿದ್ದವು. ಅವಳು ಕೂತು ಬರೆದಳು. ಇಪ್ಪತ್ತು ನಿಮಿಷ ಹಿಡಿಯಿತು. ಮದುವೆ ಮನೆಯ ಅಡುಗೆಯ ವಾಸನೆಯೂ ಅವಳ ಚಪ್ಪಲಿಗೆ ಅಂಟಿದ್ದ ಹೂಳಿನ ವಾಸನೆಯೂ ಆ ಸಣ್ಣ ಕೋಣೆಯಲ್ಲಿ ಕಲೆತುಹೋಗಿದ್ದವು. ಆದರೂ ವಾಕ್ಯಗಳು ತಡೆಯಿಲ್ಲದೆ ಬಂದವು.

‘ಉದ್ಯಾನದ ಬಳಿ ತೆರೆದಿದ್ದ ಮ್ಯಾನ್‌ಹೋಲಿಗೆ ಪಿಳ್ಳಣ್ಣ (೪೮) ಎಂಬುವವರು ಬಿದ್ದು ಮೃತಪಟ್ಟಿರುವುದು ದುರದೃಷ್ಟಕರ. ಆ ಸಮಯದಲ್ಲಿ ಅಲ್ಲಿ ಯಾವುದೇ ಕಾಮಗಾರಿಗೆ ಆದೇಶ ನೀಡಿರಲಿಲ್ಲ. ಮೃತರು ಮದ್ಯ ಸೇವಿಸಿದ್ದರೇ ಎಂಬುದು ವೈದ್ಯಕೀಯ ವರದಿಯಿಂದಷ್ಟೇ ತಿಳಿಯಬೇಕಿದ್ದು, ಆ ಬಗ್ಗೆ ಈಗಲೇ ಊಹಾಪೋಹ ಸಲ್ಲದು.’

ಕುಡಿದಿದ್ದ ಎಂದು ಅವಳು ಬರೆದಿರಲಿಲ್ಲ. ಆದರೆ ಊಹಾಪೋಹ ಸಲ್ಲದು ಎಂದು ಓದಿದ ಪ್ರತಿಯೊಬ್ಬನೂ ಅದನ್ನೇ ಊಹಿಸುತ್ತಾನೆಂದು ಅವಳಿಗೆ ಗೊತ್ತಿತ್ತು. ಸೇತುರಾಮ ಓದಿ, “ಸಖತ್ತಾಗಿದೆ,” ಎಂದ. ಹಾಳೆಯ ಅಂಚಿನಲ್ಲಿ ಅವನ ಹೆಬ್ಬೆರಳಿನ ತುಪ್ಪ ಮೂಡಿತ್ತು. ಎಂಟು ಗಂಟೆಗೆ ಅದು ಫ್ಯಾಕ್ಸಿನಲ್ಲಿ ಎಲ್ಲ ಪತ್ರಿಕೆಗಳಿಗೂ ಹೋಯಿತು. ಅವಳು ಮನೆಗೆ ಬಂದು, ಬಚ್ಚಲಿನಲ್ಲಿ ಕೂತು ಚಪ್ಪಲಿಯ ಹೂಳನ್ನು ತಿಕ್ಕಿ ತೊಳೆದಳು.

ಮರುದಿನ ಮಂತ್ರಿ ಬಂದರು. ರಸ್ತೆಗೆ ಬ್ಲೀಚಿಂಗ್ ಪುಡಿ ಎರಚಿದ್ದರು. ರಿಬ್ಬನ್ ಕತ್ತರಿಸಿ, ಒಂದು ಸಂಪಿಗೆ ಸಸಿ ನೆಟ್ಟು, ಕೈ ತೊಳೆದುಕೊಂಡು ಹೋದರು. ‘ಕುಡಿದು ಮ್ಯಾನ್‌ಹೋಲಿಗೆ ಬಿದ್ದು ಸಾವು’ ಎಂದು ಮೂರು ಪತ್ರಿಕೆಗಳಲ್ಲಿ ಬಂದಿತ್ತು. ಒಬ್ಬ ವರದಿಗಾರನೂ ಸ್ಥಳಕ್ಕೆ ಬಂದಿರಲಿಲ್ಲ.

ಮಧ್ಯಾಹ್ನ ಸಂಗಮೇಶ ಫೋನು ಮಾಡಿದ.

“ಮೇಡಂ, ನಮಸ್ಕಾರ್ರಿ. ನಿನ್ನೆ ಫ್ಯಾಕ್ಸ್ ಬಂತ್ರಿ.”

“ಹ್ಞೂಂ.”

“ಎಂಟು ವರ್ಷ ನಿಮ್ಮ ಕಾಪಿ ತಿದ್ದೀನ್ರಿ. ‘ಆ ಬಗ್ಗೆ ಈಗಲೇ’ ಅಂತ ಬರೆಯೋರು ಬೆಂಗಳೂರಾಗ ಇನ್ನೊಬ್ರಿಲ್ಲ.”

ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

“ನಾ ಏನೂ ಕೇಳಾಂಗಿಲ್ರಿ. ಹಂಗ ಹಾಕೀನಿ, ಒಂದು ಅಕ್ಷರ ತಗದಿಲ್ಲ. ತಗ್ಯಾಕ ಏನೂ ಇರಲಿಲ್ಲ, ಅಷ್ಟು ಚಂದ ಬರದೀರಿ. ಹಾಕಿದ ಮ್ಯಾಲ ಹೊರಗ ಹೋಗಿ ಚಾ ಕುಡದ್ರ ಚಾ ಇಳೀಲಿಲ್ಲ ನೋಡ್ರಿ. ಅದಕ್ಕ ಫೋನ್ ಮಾಡಿದ್ನಿ.” ಅಷ್ಟು ಹೇಳಿ ಇಟ್ಟುಬಿಟ್ಟ.

ಆರನೆಯ ದಿನ ಸೀತಮ್ಮ ಬಂದಳು. ಪಿಳ್ಳಣ್ಣನ ಹೆಂಡತಿ. ರಾಗಿಗುಡ್ಡದ ಹಿಂದಿನ ಗುಡಿಸಲುಗಳಿಂದ ನಡೆದೇ ಬಂದಿದ್ದಳು. ಸಣಕಲು ದೇಹ, ಬರಿ ಹಣೆ. ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಒಂದು ಪೇಪರು. ವರಾಂಡದಲ್ಲಿ ಕುರ್ಚಿಯಿದ್ದರೂ ಮೆಟ್ಟಿಲ ಮೇಲೆ ಕೂತಳು. ಕಮಲಾದೇವಿ ಒಳಗಿನಿಂದ ಕಾಫಿ ತಂದುಕೊಟ್ಟರು. ಮನೆಯಲ್ಲಿ ಎಲ್ಲರಿಗೂ ಸ್ಟೀಲ್ ಲೋಟ. ಅವಳಿಗೆ ಮಾತ್ರ ಸ್ನಾನದ ಮನೆಯ ಕಿಟಕಿಯಲ್ಲಿದ್ದ ಹಳೇ ಪ್ಲಾಸ್ಟಿಕ್ ಲೋಟ. ಸರ್ವಮಂಗಳಾ ಅದನ್ನು ನೋಡಿದಳು, ತಾಯಿಯ ಮುಖ ನೋಡಿದಳು. ತಾಯಿ ಏನೂ ಆಗದವರಂತೆ ಒಳಗೆ ಹೋದರು.

“ಪರಿಹಾರದ ಅರ್ಜಿ ಕೊಡೋಣ ಸೀತಮ್ಮ, ನಾನು ಬರ್ಕೊಡ್ತೀನಿ,” ಎಂದಳು ಸರ್ವಮಂಗಳಾ, ಅವಳ ಕಣ್ಣು ತಪ್ಪಿಸುತ್ತಾ.

“ಅದು ಇರ್ಲಿ ಕಣಮ್ಮ. ನಾನು ಬಂದಿದ್ದು ಇದಕ್ಕೆ.” ಸೀತಮ್ಮ ಪೇಪರು ಬಿಚ್ಚಿ ನೆಲದ ಮೇಲೆ ಹರಡಿದಳು. “ನಮ್ ಪಕ್ಕದ್ಮನೆಯೋರು ಓದಿ ಹೇಳಿದ್ರು. ಕುಡಿದು ಬಿದ್ದ ಅಂತ ಹಾಕವ್ರೆ.”

“ಕುಡಿದಿದ್ದ ಅಂತ ನಾವ್ಯಾರೂ…”

“ಕುಡ್ದಿದ್ದ,” ಎಂದಳು ಸೀತಮ್ಮ. “ಕುಡೀದೆ ಯಾರಮ್ಮ ಇಳೀತಾರೆ ಅದ್ರೊಳಕ್ಕೆ? ನೀನು ಇಳೀತೀಯಾ? ಮೇಸ್ತ್ರೀನೇ ಎರಡು ಪ್ಯಾಕೆಟ್ ಸಾರಾಯಿ ಕೊಟ್ಟ. ಅದಕ್ಕೆ ನಂದೇನೂ ಇಲ್ಲ. ಆದ್ರೆ ಬಿದ್ದ ಅಂತ ಯಾಕೆ ಹಾಕವ್ರೆ? ಹದಿನೆಂಟು ವರ್ಷ ಇಳ್ದವ್ನೆ. ಒಂದು ಕಿತ ಬಿದ್ದಿಲ್ಲ. ಕಾಲು ಎಲ್ಲಿಡ್ಬೇಕು, ಕೈ ಎಲ್ಲಿಡ್ಬೇಕು ಅಂತ ಹೊಸಬ್ರಿಗೆಲ್ಲ ಅವ್ನೇ ಹೇಳ್ಕೊಡ್ತಿದ್ದ. ಅವ್ನು ಬಿದ್ದದ್ದಲ್ಲ, ಇಳ್ಸಿದ್ದು. ಆ ಒಂದು ಮಾತು ಸರಿ ಮಾಡ್ಸಿಕೊಡು. ನೀನು ಪೇಪರ್ನೋಳಲ್ವಾ, ಯಾರು ಬರ್ದಿದ್ದು ಅಂತ ನಿಂಗೆ ಗೊತ್ತಿರ್ತದೆ.”

ಸರ್ವಮಂಗಳಾ ನೆಲದ ಮೇಲಿನ ಆ ಪೇಪರನ್ನು ನೋಡಿದಳು. ಹೇಳದೆ ಇರಬಹುದಿತ್ತು. ವಿಚಾರಿಸುತ್ತೇನೆ ಎಂದು ಕಳಿಸಿಬಿಡಬಹುದಿತ್ತು. ಮೂರು ವರ್ಷದಲ್ಲಿ ನೂರಾರು ಜನರಿಗೆ ಹಾಗೆಂದು ಕಳಿಸಿದ್ದಳು.

“ನಾನೇ ಬರೆದಿದ್ದು ಸೀತಮ್ಮ,” ಎಂದಳು. “ಅವನನ್ನ ಇಳಿಸೋಕೆ ಫೋನ್ ಮಾಡಿದ್ದೂ ನಾನೇ.”

ಸೀತಮ್ಮ ಅಳುತ್ತಾಳೆ, ಬೈಯುತ್ತಾಳೆ, ಮಣ್ಣು ತೂರುತ್ತಾಳೆ ಎಂದು ಅವಳು ಕಾದಳು. ಸೀತಮ್ಮ ಪೇಪರನ್ನು ಮೊದಲಿದ್ದಂತೆಯೇ ಮಡಿಸಿದಳು.

“ಹಂಗಾದ್ರೆ ನೀನೇ ತಿದ್ದು,” ಎಂದಳು.

ಎದ್ದು, ಅಂಗಳದ ನಲ್ಲಿಯಲ್ಲಿ ಪ್ಲಾಸ್ಟಿಕ್ ಲೋಟವನ್ನು ತೊಳೆದು, ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ನೀವು ಬಿಸಾಕೋದೇ ತಾನೆ, ನಾನೇ ತಗೊಂಡೋಯ್ತೀನಿ,” ಎಂದು ಗೇಟು ಹಾಕಿಕೊಂಡು ಹೋದಳು.

ಮುಂದಿನ ಸೋಮವಾರ ಸರ್ವಮಂಗಳಾ ಪೊಲೀಸ್ ಠಾಣೆಗೆ ಹೋಗಿ ಹೇಳಿಕೆ ಬರೆದುಕೊಟ್ಟಳು. ಕೆಲಸ ಮಾಡಿಸಿ ಎಂದು ಫೋನು ಮಾಡಿದ್ದು ತಾನು, ಹಗ್ಗ ಕಟ್ಟಿ ಇಳಿಸಿದ್ದನ್ನು ತಿಳಿದೂ ಬಿದ್ದರೆಂದು ಬರೆದದ್ದು ತಾನು ಎಂದು. ಇನ್ಸ್‌ಪೆಕ್ಟರ್ ಎರಡೆರಡು ಸಲ, “ಮೇಡಂ, ಇದು ಬೇಕಾ? ಯೋಚ್ನೆ ಮಾಡಿ,” ಎಂದರು. ಬುಧವಾರ ಪಾಲಿಕೆಯ ಸಭೆಯಿತ್ತು. ಮಧ್ಯಾಹ್ನದ ಹೊತ್ತಿಗೆ ಅವಳಿಗೆ ಮಾತಿನ ಸರದಿ ಬಂತು.

“ಮಾನ್ಯ ಮಹಾಪೌರರೇ, ನನ್ನ ವಾರ್ಡಿನ ಪಿಳ್ಳಣ್ಣ ಅನ್ನೋವ್ರ ಸಾವಿನ ಬಗ್ಗೆ ಪತ್ರಿಕೆಗಳಿಗೆ ಹೋದ ಹೇಳಿಕೆ ನಾನು ಬರೆದದ್ದು. ಅದರಲ್ಲಿ ‘ಬಿದ್ದು’ ಅನ್ನೋ ಪದ ಸುಳ್ಳು. ಅವರನ್ನ ಇಳಿಸಲಾಯಿತು. ಮಷೀನ್ ಇಲ್ಲ ಅಂತ ಗೊತ್ತಿದ್ದೂ ಸಂಜೆಯೊಳಗೆ ಆಗ್ಬೇಕು ಅಂದವಳು ನಾನು. ಇಳಿಸಿದವರು ಗುತ್ತಿಗೆದಾರರು. ಇದು ನಡಾವಳಿಯಲ್ಲಿ ದಾಖಲಾಗ್ಬೇಕು.”

ಹಿಂದಿನ ಸಾಲಿನಿಂದ ಒಬ್ಬ ಸದಸ್ಯೆಯ ಗಂಡ ಕೂಗಿದ: “ಮೇಡಂ ವಾಪಸ್ ಪೇಪರ್‌ಗೆ ಹೋಗೋ ಪ್ಲಾನ್ ಹಾಕಿದಾರೆ!” ಎಲ್ಲರೂ ಗೊಳ್ಳೆಂದು ನಕ್ಕರು. ಅವಳ ಪಕ್ಷದವರೇ ಜೋರಾಗಿ ನಕ್ಕರು. ಮೇಯರು ಗಡಿಯಾರ ನೋಡಿಕೊಂಡು, “ಪೊಲೀಸ್ ತನಿಖೆಯಲ್ಲಿರೋ ವಿಷಯ, ಕಡತಕ್ಕೆ ಹೋಗೋದು ಬೇಡ,” ಎಂದರು. ಮುಂದಿನ ವಿಷಯ ಸದಸ್ಯರ ಸಿಮ್ಲಾ ಅಧ್ಯಯನ ಪ್ರವಾಸ. ಕುಟುಂಬದವರನ್ನು ಕರೆದುಕೊಂಡು ಹೋಗಬಹುದೇ ಎಂಬುದರ ಮೇಲೆ ಒಂದೂವರೆ ಗಂಟೆ ಚರ್ಚೆಯಾಯಿತು. ಸರ್ವಮಂಗಳಾ ನಿಂತೇ ಇದ್ದಳು. ಯಾರೂ ಕೂತುಕೊಳ್ಳಿ ಎನ್ನಲಿಲ್ಲ. ಕಾಲು ನೋಯತೊಡಗಿದಾಗ ತಾನೇ ಕೂತಳು.

ಪತ್ರಕರ್ತರ ಸಾಲು ಹೆಚ್ಚುಕಡಿಮೆ ಖಾಲಿಯಿತ್ತು. ಕೆಳಗೆ ಅವರಿಗೆ ಊಟ ಏರ್ಪಾಟಾಗಿತ್ತು. ಆದರೆ ಕಂಬದ ಪಕ್ಕ ಸಂಗಮೇಶ ಕೂತಿದ್ದ. ಅವಳು ಠಾಣೆಗೆ ಹೋದ ಸುದ್ದಿ ತಿಳಿದು, ಡೆಸ್ಕಿನ ಮನುಷ್ಯ ಅಂದು ತಾನೇ ಕೇಳಿಕೊಂಡು ಬಂದಿದ್ದ. ಮರುದಿನ ‘ದಿಕ್ಸೂಚಿ’ಯ ಐದನೇ ಪುಟದಲ್ಲಿ, ಒಂದು ಕಾಲಮ್ಮಿನಲ್ಲಿ, ಹನ್ನೊಂದು ಸಾಲು ಬಂತು: ‘ಪಿಳ್ಳಣ್ಣ ಬಿದ್ದದ್ದಲ್ಲ, ಇಳಿಸಿದ್ದು: ಸದಸ್ಯೆ.’ ಉಳಿದ ಪತ್ರಿಕೆಗಳಲ್ಲಿ ಅದೂ ಇಲ್ಲ.

ಆಮೇಲೆ ನಡೆದದ್ದನ್ನು ಹೆಚ್ಚು ಹೇಳಬೇಕಾದ್ದಿಲ್ಲ. ಮೇಸ್ತ್ರಿಯನ್ನು ಹಿಡಿದರು, ಮೂರನೇ ದಿನ ಜಾಮೀನಿನ ಮೇಲೆ ಬಿಟ್ಟರು. ಗುತ್ತಿಗೆದಾರನ ಹೆಸರು ಎಲ್ಲಿಯೂ ಬರಲಿಲ್ಲ. ಸರ್ವಮಂಗಳೆಯ ಹೇಳಿಕೆಯೂ ಫೈಲಿನಲ್ಲಿ ಉಳಿಯಿತು. ಅವಳನ್ನು ಶಿಕ್ಷಿಸುವ ಕಷ್ಟವನ್ನೂ ಯಾರೂ ತೆಗೆದುಕೊಳ್ಳಲಿಲ್ಲ. ಸೇತುರಾಮ ಜಗಳವಾಡಲಿಲ್ಲ. ಎದುರು ಸಿಕ್ಕಾಗ ಕೈ ಮುಗಿದು, “ಆರೋಗ್ಯ ನೋಡ್ಕೊಳಿ ಮೇಡಂ, ಟೆನ್ಷನ್ ಮಾಡ್ಕೋಬೇಡಿ,” ಎನ್ನುತ್ತಿದ್ದ. ಅವಳ ಅರ್ಜಿಗಳು ಮಾತ್ರ ಯಾವ ಮೇಜನ್ನೂ ದಾಟಿ ಮುಂದೆ ಹೋಗಲಿಲ್ಲ.

ಸೀತಮ್ಮನಿಗೆ ಅದೇ ಗುತ್ತಿಗೆದಾರ ರಸ್ತೆ ಗುಡಿಸುವ ಕೆಲಸ ಕೊಟ್ಟ. ಒಂದು ಬೆಳಗ್ಗೆ ದೇವಗಿರಿ ದೇವಸ್ಥಾನದ ರಸ್ತೆಯಲ್ಲಿ ಅವಳು ಪೊರಕೆ ಹಿಡಿದದ್ದನ್ನು ಕಂಡು ಸರ್ವಮಂಗಳಾ ನಿಂತುಬಿಟ್ಟಳು.

“ಅವನ ಕೈಕೆಳಗೇ ಸೇರ್ಕೊಂಡ್ಯಾ ಸೀತಮ್ಮ?”

“ಮತ್ತೆ? ಬ್ಯಾಡ ಅಂತ ಹೇಳಕ್ಕೆ ನಂಗೇನು ನಿನ್ನಂಗೆ ಇನ್ನೊಂದು ಕೆಲ್ಸ ಐತಾ?” ಎಂದು ಸೀತಮ್ಮ ಗುಡಿಸುವುದನ್ನು ಮುಂದುವರಿಸಿದಳು. ಸ್ವಲ್ಪ ಮುಂದೆ ಹೋಗಿ ತಿರುಗಿ, “ಆ ಪೇಪರ್ ಓದ್ಸಿದೆ. ಸರಿಯಾಗಿ ಹಾಕವ್ರೆ,” ಎಂದಳು. ಅದರಲ್ಲಿ ಕೃತಜ್ಞತೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಲೆಕ್ಕ ತಪ್ಪಿದ್ದ ಅಂಗಡಿಯವನು ತಿದ್ದಿಕೊಟ್ಟರೆ ಹೇಳುವಂತೆ ಹೇಳಿದಳು.

ಎರಡು ಸಾವಿರದ ಒಂದರಲ್ಲಿ ವಾರ್ಡು ಸಾಮಾನ್ಯ ವರ್ಗಕ್ಕೆ ಬಂತು. ಸೇತುರಾಮ ನಿಂತು, ಹಿಂದೆ ಅವಳು ಗೆದ್ದಿದ್ದರ ಎರಡರಷ್ಟು ಅಂತರದಲ್ಲಿ ಗೆದ್ದ. ಪಾರ್ಕಿನ ಎದುರಿನ ಅಪಾರ್ಟ್‌ಮೆಂಟಿನವರು ಅವನಿಗೆ ಸೇಬಿನ ಹಾರ ಹಾಕಿದರು.

ಅದಾದ ಎರಡನೆಯ ವಾರ ಸರ್ವಮಂಗಳಾ ಬಸ್ಸು ಹತ್ತಿ ‘ದಿಕ್ಸೂಚಿ’ ಕಚೇರಿಗೆ ಹೋದಳು. ಏಕಾಂತಯ್ಯನವರಿಗೆ ವಯಸ್ಸಾಗಿತ್ತು, ಹಣೆಯ ವಿಭೂತಿ ಸುಕ್ಕುಗಳಲ್ಲಿ ಇಳಿದಿತ್ತು. ಕಾಫಿ ತರಿಸಿದರು. ಅವಳು ಸುತ್ತಿ ಬಳಸದೆ ಕೇಳಿದಳು.

“ಯಾವ ಬೀಟ್ ಆದ್ರೂ ಸರಿ ಸಾರ್. ಪಾಲಿಕೆ ಬೇಡ ಅಂದ್ರೆ ಬೇರೆ ಕೊಡಿ.”

ಅವರು ಮೇಜಿನ ಮೇಲಿನ ಪ್ರೂಫುಗಳನ್ನು ಜೋಡಿಸಿಟ್ಟರು.

“ಸಭೆಯಲ್ಲಿ ನೀನು ಎದ್ದು ನಿಂತಿದ್ದು ನಂಗೆ ಗೊತ್ತು, ಮಂಗಳಾ. ಸಂಗಮೇಶ ಹೇಳ್ದ. ಹನ್ನೊಂದು ಸಾಲಿಗೆ ಕತ್ತರಿಸಿದವನೂ ನಾನೇ. ಮಾಲೀಕರಿಗೆ ಸೇತುರಾಮನ ಜಾಹೀರಾತು ಬೇಕಿತ್ತು. ಹಾಗಾಗಿ ನಾನು ನಿನಗಿಂತ ಒಳ್ಳೆಯವನು ಅಂತ ಹೇಳ್ತಿಲ್ಲ.” ಕನ್ನಡಕ ತೆಗೆದು ಒರೆಸಿಕೊಂಡರು. “ಆದ್ರೆ ಆ ಫ್ಯಾಕ್ಸನ್ನ ನಾನು ಓದಿದೀನಿ. ಅಷ್ಟು ಚೆನ್ನಾಗಿ ಬರೆದಿದ್ಯಲ್ಲ, ಅದೇ ಕಷ್ಟ. ಕೆಟ್ಟದಾಗಿ ಬರೆದಿದ್ರೆ ಹೆದರಿ ಬರೆದಳು ಅನ್ಕೋತಿದ್ದೆ. ಇನ್ನು ನಿನ್ನ ಕಾಪಿ ಕೈಗೆ ಬಂದಾಗಲೆಲ್ಲ ನಾನು ಒಂದೊಂದು ಪದಾನೂ ಎತ್ತಿ ಅದರ ಹಿಂದೆ ನೋಡ್ಬೇಕಾಗುತ್ತೆ. ಆ ಕೆಲಸ ನನ್ನಿಂದ ಆಗಲ್ಲ.”

ಅವಳಿಗೆ ಸಿಟ್ಟು ಬರಲಿಲ್ಲ. ಕಾಫಿ ಮುಗಿಸಿ, ನಮಸ್ಕಾರ ಹೇಳಿ, ಇಳಿದು ಬಂದಳು. ಮೆಟ್ಟಿಲಲ್ಲಿ ಸಂಗಮೇಶ ಎದುರಾದ. ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಜಯನಗರ ಒಂಬತ್ತನೇ ಬ್ಲಾಕಿನಲ್ಲಿ ಶಾಲಾ ಮಕ್ಕಳ ಗೈಡುಗಳನ್ನು ಅಚ್ಚು ಹಾಕುವ ಒಂದು ಪ್ರೆಸ್ಸಿನಲ್ಲಿ ಅವಳಿಗೆ ಕರಡು ತಿದ್ದುವ ಕೆಲಸ ಸಿಕ್ಕಿತು. ಒತ್ತಕ್ಷರ, ಅಲ್ಪಪ್ರಾಣ, ಮಹಾಪ್ರಾಣ. ಬೇರೆಯವರು ಬರೆದದ್ದು, ಅವಳು ಸೇರಿಸಬೇಕಾದ್ದು ಏನೂ ಇಲ್ಲ. ಅವಳಿಗೆ ಬೇಕಾದದ್ದೂ ಅಷ್ಟೇ.

ಕಮಲಾದೇವಿಯವರು ಮಾತ್ರ ಮನೆಗೆ ಬಂದವರಿಗೆಲ್ಲ ಇವತ್ತಿಗೂ ಹೇಳುತ್ತಾರೆ: “ನಮ್ಮ ಮಂಗಳಾ ಕಾರ್ಪೊರೇಟರ್ ಆಗಿದ್ಲು. ಆ ಪಾರ್ಕು ಮಾಡ್ಸಿದ್ದು ಇವಳೇ.” ಬಂದವರು ಹೌದಾ ಎಂದು ಅವಳ ಕಡೆ ತಿರುಗುವಷ್ಟರಲ್ಲಿ ಸರ್ವಮಂಗಳಾ ಎದ್ದು, ಚಪ್ಪಲಿ ಮೆಟ್ಟಿಕೊಂಡು, ಹಾಲು ತರಬೇಕೆಂದೋ ಕರೆಂಟ್ ಬಿಲ್ ಕಟ್ಟಬೇಕೆಂದೋ ಹೇಳಿ ಹೊರಟುಬಿಟ್ಟಿರುತ್ತಾಳೆ. ಪಾರ್ಕಿನ ರಸ್ತೆ ಹತ್ತಿರದ ದಾರಿ. ಅವಳು ಸುತ್ತು ಹಾಕಿಕೊಂಡು ಇನ್ನೊಂದು ರಸ್ತೆಯಲ್ಲಿ ಹೋಗುತ್ತಾಳೆ.